ಕವಳೆ ಕಿತ್ತ ಕೈಗೆ ಗೀರಿಲ್ಲ

ನನ್ನ ತವರು ಅರಸೀಕೆರೆ ಕಡೆಯ ಬಯಲು. ಅಲ್ಲಿ ಹಣ್ಣಿನ ಪೊದೆ ಎಂದರೆ ಮುಳ್ಳಿನ ಪೊದೆಯೇ. ಕಾರೆ, ಬೋರೆ, ಕವಳೆ, ಯಾವುದನ್ನು ಕಿತ್ತರೂ ಹಣ್ಣಿನ ಜೊತೆಗೆ ಕೈಯಲ್ಲಿ ಒಂದಿಷ್ಟು ರಕ್ತವೂ ಇರುತ್ತಿತ್ತು. ಅದರಲ್ಲಿ ಕವಳೆ ಎಂದರೆ ನನಗೆ ಪ್ರಾಣ. ಕಡಲೆಕಾಳಿಗಿಂತ ತುಸು ದಪ್ಪ, ಮಾಗಿದರೆ ಕಪ್ಪು, ಬಾಯಿಗಿಟ್ಟರೆ ಹುಳಿಯೂ ಸಿಹಿಯೂ ಒಟ್ಟಿಗೇ. ತೊಟ್ಟು ಮುರಿದರೆ ಬಿಳಿ ಹಾಲು ಜಿನುಗಿ ತುಟಿಗೆ ಅಂಟಿಕೊಳ್ಳುತ್ತದೆ. ನಮ್ಮ ಹೊಲದ ಬದುಗಳಲ್ಲಿ ಹಾಗೆ ಹಾಲು ಬರುವ ಕಪ್ಪು ಹಣ್ಣು ಇನ್ನೊಂದಿರಲಿಲ್ಲ. ಹಾಗಾಗಿ ನಮಗೆ ಒಂದೇ ಗುರುತು: ಹಾಲು ಬಂತಾ, ಅದು ಕವಳೆ, ಹಾಕು ಬಾಯಿಗೆ. ಮುಳ್ಳನ್ನೂ ನೋಡು ಎಂದು ಯಾರೂ ಹೇಳಿಕೊಡಲಿಲ್ಲ. ಮುಳ್ಳಿಲ್ಲದ್ದು ಅಲ್ಲಿ ಏನಿತ್ತು, ಹೇಳಿ?

ಮದುವೆಯಾಗಿ ಬಂದದ್ದು ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯಿಂದ ಒಳಗೆ, ಕಾಫಿಯ ಊರಿಗೆ. ನಮ್ಮದು ಎಸ್ಟೇಟ್ ಎಂದು ಹೇಳಿಕೊಳ್ಳುವಂಥದ್ದೇನಲ್ಲ. ಒಂದು ಇಳಿಜಾರಿನಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ಒಂದು ತುಂಡು ಗದ್ದೆ. ನಿಜವಾದ ಎಸ್ಟೇಟ್ ಇದ್ದದ್ದು ನಮ್ಮ ಬೇಲಿಯ ಆಚೆ. ನೋಡುವವರಿಲ್ಲದೆ ಅದು ಪಾಳು ಬಿದ್ದು, ಕಾಫಿ ಗಿಡಗಳು ಆಳೆತ್ತರ ಬೆಳೆದು ನಿಂತಿದ್ದವು. ಹಗಲೆಲ್ಲ ಆನೆಗಳು ಅದರೊಳಗೆ ಮಲಗಿರುತ್ತವೆ, ಕತ್ತಲಾದ ಮೇಲೆ ನಮ್ಮ ಗದ್ದೆಗೆ ಬರುತ್ತವೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮದುವೆಯ ಫೋಟೋಗಳಿಗಿಂತ ಆನೆಯ ಸುದ್ದಿಯೇ ಹೆಚ್ಚು. ಬಂದ ಹೊಸತರಲ್ಲಿ ಫೋನ್ ಟಣ್ಣೆಂದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಈಗಲೂ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ನಾವು ಮೂವರು. ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ, ಮಂಗಳೂರಿನ ಕಡೆ ಹೋದರೆ ಘಾಟಿಯಲ್ಲಿ ಫೋನೂ ಸಿಗುವುದಿಲ್ಲ. ಹಾಗಾಗಿ ವಾರದಲ್ಲಿ ಹೆಚ್ಚು ದಿನ ಉಳಿಯುತ್ತಿದ್ದವರು ನಾನು ಮತ್ತು ನಮ್ಮತ್ತೆ. ನಮ್ಮಿಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಸಾರಿಗೆ ಉಪ್ಪು ಹಾಕಿದರೆ ಅವರು ನೀರು ಹಾಕುವವರು, ಅವರು ಹಸುವಿಗೆ ಹುಲ್ಲು ಹಾಕಿದರೆ ಸಾಲದು ಎಂದು ನಾನು ಇನ್ನೊಂದು ಹೊರೆ ತರುವವಳು. ನನಗೆ ಮೂಗಿನ ತುದಿಯಲ್ಲಿ ಕೋಪ, ಅವರಿಗೆ ನಾಲಿಗೆಯ ತುದಿಯಲ್ಲಿ. ಊರಲ್ಲಿ ಇಬ್ಬರನ್ನೂ ಕಂಡರೆ ಜನ ಮಾತು ಬದಲಿಸುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಬಾಯಿ ಕಟ್ಟಿಕೊಂಡಿದ್ದೆವು. ಮೊದಲ ಸಲ ನಾನು ಬಸುರಾದಾಗ ಅತ್ತೆ ಕುಣಿದಾಡಿ ಊರಿಗೆಲ್ಲ ಸಕ್ಕರೆ ಹಂಚಿದ್ದರು. ನಿಲ್ಲಲಿಲ್ಲ. ಎರಡನೆಯ ಸಲ ಸಕ್ಕರೆ ಹಂಚದಿದ್ದರೂ ಸುದ್ದಿ ಹೇಗೋ ಹಬ್ಬಿತ್ತು. ಅದೂ ನಿಲ್ಲಲಿಲ್ಲ. ಮೂರನೆಯ ಸಲ ತಿಂಗಳು ತಪ್ಪಿದ ದಿನವೇ ಅತ್ತೆ ದೇವರ ಗೂಡಿನ ಮುಂದೆ ನನ್ನನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಆಣೆ ಹಾಕಿಸಿಕೊಂಡರು. "ಐದು ತುಂಬಗಂಟ ಯಾರ್ ಕಿವಿಗೂ ಬೀಳಂಗಿಲ್ಲ. ನಿಮ್ಮವ್ವಂಗೂ ಇಲ್ಲ. ಜನದ ಕಣ್ಣು ಒಂದೇ ತರ ಇರಲ್ಲ ಕಣಮ್ಮಿ." ನಾನೇನು ದೃಷ್ಟಿ ಗಿಷ್ಟಿ ನಂಬುವವಳಲ್ಲ. ಆದರೆ ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳಿಗೆ ನಂಬುವುದು ಬಿಡುವುದು ಎಲ್ಲಿಯ ಮಾತು! ಆಣೆ ಹಾಕಿದೆ. ಹೊಟ್ಟೆ ಕಾಣದಂತೆ ಅತ್ತೆಯ ಹಳೆಯ ಸ್ವೆಟರನ್ನು ಸೆಕೆಯಲ್ಲೂ ತೊಟ್ಟುಕೊಂಡೆ.

ಮುಚ್ಚಿಟ್ಟ ಬಸುರಿಗೆ ಬಯಕೆಯೂ ಮುಚ್ಚಿಟ್ಟದ್ದೇ. ಬೇರೆ ಹೆಂಗಸರಾದರೆ ಹುಳಿ ಬೇಕು ಎಂದರೆ ಸಾಕು, ಬೀದಿಯವರೆಲ್ಲ ಮಾವಿನಕಾಯಿ, ನೆಲ್ಲಿಕಾಯಿ ತಂದು ಸುರಿಯುತ್ತಾರೆ. ನಾನು ಯಾರನ್ನು ಕೇಳಲಿ? ಆ ತಿಂಗಳುಗಳಲ್ಲಿ ನನ್ನ ನಾಲಿಗೆಗೆ ನೀರೂ ಕಹಿ, ಅನ್ನವೂ ಕಹಿ, ನನ್ನ ಉಗುಳೇ ನನಗೆ ಕಹಿ. ತಿಂದದ್ದೆಲ್ಲ ವಾಪಸ್ಸು ಬರುತ್ತಿತ್ತು. ಕವಳೆ ಹಣ್ಣು ಸಿಕ್ಕರೆ ಈ ಕಹಿ ಹೋದೀತು ಎಂದು ಒಂದು ಆಸೆ ಹುಟ್ಟಿತು. ಹುಟ್ಟಿದ್ದು ಹೋಗಲೇ ಇಲ್ಲ.

ಮುಂಗಾರಿನ ಮೊದಲ ಮಳೆಗಳು ಬಿದ್ದ ಸಮಯ. ಒಂದು ಬೆಳಿಗ್ಗೆ ಅತ್ತೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದರು. ನಾನು ಸೊಪ್ಪು ತರುವ ನೆಪ ಮಾಡಿಕೊಂಡು ತೋಟದ ಮೇಲಿನ ಬೇಲಿಗೆ ಹತ್ತಿದೆ. ಹಿಂದಿನ ವಾರ ಅಲ್ಲಿ ಒಂದು ಪೊದೆಯಲ್ಲಿ ಕೆಂಪು ಕಾಯಿ ಕಂಡಿದ್ದೆ. ಈಗ ಕಪ್ಪಾಗಿರುತ್ತವೆ ಎಂಬ ಲೆಕ್ಕ. ಮಂಜು ಇನ್ನೂ ಎದ್ದಿರಲಿಲ್ಲ. ಪೊದೆಯ ಹತ್ತಿರ ಹೋಗಿ ಕೈ ಹಾಕಿದ್ದೇ ತಡ, ಸೊಂಟದಲ್ಲಿದ್ದ ಫೋನ್ ಟಣ್ಣೆಂದಿತು. ಗ್ರೂಪಿನಲ್ಲಿ ಯಾರದ್ದೋ ದನಿ: "ಹಿಂಡು ರಾತ್ರಿ ದಾಟಿ ಬಂದೈತೆ ಕಣ್ರಪ್ಪ. ಪಾಳು ಎಸ್ಟೇಟ್ ಒಳಗೇ ಐತೆ. ಬೇಲಿ ಕಡೆ ಯಾರೂ ಹೋಗ್ಬೇಡಿ."

ನಾನು ನಿಂತಿದ್ದದ್ದೇ ಆ ಬೇಲಿಯಲ್ಲಿ. ಓಡಿ ಬರಬೇಕಿತ್ತು ತಾನೇ? ಬಯಕೆ ಬಿಡಲಿಲ್ಲ. ಕಣ್ಣು ಎಸ್ಟೇಟಿನ ಒಳಗಿನ ಬೂದು ಮಂಜಿನ ಮೇಲೆ, ಕೈ ಪೊದೆಯಲ್ಲಿ. ಸಿಕ್ಕಿದ್ದನ್ನು ಕಿತ್ತು ಸೆರಗಿಗೆ ಹಾಕಿಕೊಂಡೆ. ಮೇಲಿನದೋ, ಕೆಳಗಿನದೋ, ಎಲೆ ಎಂಥದೋ, ಒಂದನ್ನೂ ನೋಡಲಿಲ್ಲ. ಬೆರಳಿಗೆ ಹಾಲು ಅಂಟಿದ್ದು ಮಾತ್ರ ಗೊತ್ತಾಯಿತು, ಅಷ್ಟಕ್ಕೇ ಸಮಾಧಾನ. ಒಳಗೆಲ್ಲೋ ಕೊಂಬೆ ಲಟಕ್ಕೆಂದಿತು. ಮತ್ತೆ ನಾನು ಅಲ್ಲಿ ನಿಲ್ಲಲಿಲ್ಲ.

ಅಡಿಗೆಮನೆಯ ಹಿಂಬಾಗಿಲಲ್ಲಿ ಕೂತು ಹಣ್ಣನ್ನು ತೊಳೆದು, ಉಪ್ಪು ಖಾರದ ಪುಡಿ ಬೆರೆಸಿ, ಮುಷ್ಟಿಯಲ್ಲಿ ತುಂಬಿಕೊಂಡು ತಿಂದೆ. ಆಹಾ, ಆ ಹುಳಿ! ನಡುನಡುವೆ ಕಹಿಯೂ ಬಂತು. ನನ್ನ ನಾಲಿಗೆಯ ಕಹಿ ಎಂದುಕೊಂಡು ನುಂಗಿದೆ. ಅತ್ತೆ ಕ್ಯಾನು ಹಿಡಿದು ಬರುವ ಹೊತ್ತಿಗೆ ತಟ್ಟೆಯಲ್ಲಿ ಬರೀ ತೊಟ್ಟುಗಳು ಉಳಿದಿದ್ದವು.

"ಎಲ್ಲಿಂದ ಬಂತೇ ಕವಳೆಹಣ್ಣು? ಯಾರ್ ಕೊಟ್ರು?"

"ಯಾರು ಕೊಡ್ತಾರೆ? ನಾನೇ ಕಿತ್ಕಂಡ್ ಬಂದೆ. ಮೇಲಿನ ಬೇಲೀಲಿ."

"ಆನೆ ಐತೆ ಅಂತ ಊರೇ ಬಡ್ಕಂತೈತೆ, ಇವ್ಳು ಬೇಲಿಗೆ ಹೋಗ್ಬುಟ್ಳು! ನಿಂಗೇನ್ ಬುದ್ಧಿ ಐತಾ, ಇಲ್ಲ ಅದನ್ನೂ ತವರಲ್ಲೇ ಬುಟ್ ಬಂದ್ಯಾ?"

ತವರಿನ ಸುದ್ದಿ ತೆಗೆದರೆ ನಾನು ಸುಮ್ಮನಿರುವವಳಲ್ಲ. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಬೈಗುಳ ಅರ್ಧಕ್ಕೇ ನಿಂತುಹೋಯಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಕ್ಯಾನು ಕೆಳಗಿಟ್ಟು ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ಬಳೆಯನ್ನು ಮೇಲೆ ಸರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಗೀರೆಲ್ಲಿ?" ಎಂದರು.

"ಯಾವ ಗೀರು?"

"ಕವಳೆ ಕಿತ್ತ ಕೈಗೆ ಗೀರಿಲ್ಲ ಅಂದ್ರೆ ಎಂಗಮ್ಮಿ? ಆ ಮುಳ್ಳು ಬಟ್ಟೆ ಹಿಡಿದ್ರೆ ಬುಡಲ್ಲ, ಕೈ ಬುಡ್ತದಾ?"

 ಚಿಕ್ಕಂದಿನಿಂದ ಗೀರಿಲ್ಲದೆ ನಾನು ಕವಳೆ ಕಿತ್ತದ್ದೇ ಇಲ್ಲ. ಅದು ನನಗೇ ಹೊಳೆಯದೆ ಹೋಯಿತಲ್ಲ! "ಹಾಲು ಬಂತು ಅತ್ತೆ. ನಾನೇ ನೋಡ್ದೆ, ಕೈಗೆ ಅಂಟ್ತು," ಎಂದೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೆ," ಎಂದರು ಅತ್ತೆ. ಸಾವಿರ ಸಲ ಕೇಳಿದ ಗಾದೆ.

ಹಿತ್ತಲಿಗೆ ಓಡಿ ಗಂಟಲಿಗೆ ಬೆರಳು ಹಾಕಿದೆ. ಮೂರು ತಿಂಗಳಿಂದ ಒಂದು ತುತ್ತು ಒಳಗೆ ನಿಲ್ಲದ ಹೊಟ್ಟೆ, ಅವತ್ತು ಏನನ್ನೂ ಬಿಟ್ಟುಕೊಡಲಿಲ್ಲ. ನೊರೆ ಬಂತು, ಕಣ್ಣೀರು ಬಂತು, ಅಷ್ಟೇ. ಯಜಮಾನರ ಫೋನ್ ಸಿಗಲಿಲ್ಲ. ಪಕ್ಕದ ಮನೆಯವರ ಜೀಪು ಕೇಳೋಣ ಎಂದರೆ ಯಾಕೆ ಏನು ಎಂದು ಹೇಳಬೇಕು. ಹಣ್ಣು ತಿಂದು ಭಯವಾಗಿದೆ ಎಂದಷ್ಟೇ ಹೇಳಿದರೂ ಸಾಕಿತ್ತು, ಈಗ ಹೊಳೆಯುತ್ತದೆ. ಆಗ ಇಬ್ಬರಿಗೂ ಹೊಳೆಯಲಿಲ್ಲ. ಆಲೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು.

"ಡಾಕ್ಟ್ರು ಮೊದ್ಲು ಕೇಳಾದೇ ಏನ್ ತಿಂದೆ ಅಂತ. ಏನಂತೀಯಾ? ನಡಿ, ಗಿಡ ತೋರ್ಸು," ಎಂದರು ಅತ್ತೆ.

"ಆನೆ ಐತಲ್ಲತ್ತೆ?"

"ಅದ್ಕೇ ಹೇಳಾದು, ಬೇಗ ನಡಿ ಅಂತ."

ನಾನು ಒಬ್ಬಳೇ ಹೋಗುತ್ತೇನೆ ಎಂದೆ, ನೀನು ಬರಬೇಡ ಜಾಗ ಹೇಳು ಎಂದರು. ಬೇಲಿ ಉದ್ದಕ್ಕೂ ಪೊದೆ, ಜಾಗ ಹೇಳಿ ತಿಳಿಯುವಂಥದ್ದಲ್ಲ. ಕೊನೆಗೆ ಅತ್ತೆ ಕತ್ತಿ ಹಿಡಿದುಕೊಂಡರು, ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ನಾನು ನನ್ನ ಹೊಟ್ಟೆಯ ಮಾತು ಕೇಳುತ್ತಿದ್ದೆ. ಒಂದು ಸಣ್ಣ ಗುಡುಗುಡು ಎಂದರೂ ಶುರುವಾಯಿತು ಎಂದುಕೊಳ್ಳುತ್ತಿದ್ದೆ. ಹಿಂದಿನ ಎರಡು ಸಲವೂ ಸೊಂಟದ ಒಂದು ಮೂಲೆಯಲ್ಲಿ ಸೆಳೆತ ಬಂದು ಶುರುವಾದದ್ದು. ಅದೇ ಮೂಲೆಯ ಮೇಲೆ ಕೈ ಒತ್ತಿಕೊಂಡು ನಡೆದೆ.

ಬೇಲಿಯ ಹತ್ತಿರ ಹೋಗುತ್ತಲೇ ವಾಸನೆ ಬಡಿಯಿತು. ಆನೆಯ ವಾಸನೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ನಾನು ಬೆಳಿಗ್ಗೆ ನಿಂತಿದ್ದ ಜಾಗದಿಂದ ತುಸು ಆಚೆ ಹೊಸ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ನಾನು ಹಣ್ಣು ಕೀಳುವಾಗ ಅದು ಎಲ್ಲಿತ್ತು ಎಂದು ಯೋಚಿಸಲೂ ಧೈರ್ಯವಾಗಲಿಲ್ಲ. ಪೊದೆ ತೋರಿಸಿದೆ. ಅತ್ತೆ ಕುಕ್ಕರಗಾಲಿನಲ್ಲಿ ಕೂತರು.

ಮೇಲಿದ್ದದ್ದು ಕವಳೆಯೇ. ಅದನ್ನು ನಾನೂ ಕಂಡ ಕೂಡಲೇ ಹೇಳಿದೆ. ಒಂದೊಂದು ಗೆಣ್ಣಿನಲ್ಲೂ ಎರಡೆರಡು ಎಲೆ ಎದುರುಬದುರು, ಎಲೆ ದಪ್ಪ, ಮೇಲೆ ಹೊಳಪು, ಕೊಂಬೆಯಲ್ಲಿ ಗಟ್ಟಿ ಮುಳ್ಳು, ಕೆಲವು ಮುಳ್ಳು ತುದಿಯಲ್ಲಿ ಕವಲೊಡೆದಿದ್ದವು. ಎಲ್ಲೋ ಒಂದೆರಡು ಬಿಳಿ ಹೂ ಮಲ್ಲಿಗೆಯಂತೆ ಉಳಿದಿದ್ದವು. ಹೊರಗೆ ಬಾಗಿದ ತುದಿಗಳಲ್ಲಿ ಹಣ್ಣು ಕಿತ್ತ ಗುರುತಿತ್ತು, ತೊಟ್ಟಿನ ಬಾಯಲ್ಲಿ ಹಾಲು ಹೆಪ್ಪುಗಟ್ಟಿತ್ತು. "ನೋಡಿ ಅತ್ತೆ, ಇದೇ ಕಿತ್ತಿರಾದು. ತುದೀಲಿ ಮುಳ್ಳು ಕಮ್ಮಿ, ಅದ್ಕೇ ಗೀರಿಲ್ಲ," ಎಂದೆ. ಸಂತೋಷಕ್ಕೆ ದನಿ ನಡುಗುತ್ತಿತ್ತು.

ಅತ್ತೆ ಇನ್ನೂ ಹತ್ತಿರ ಸರಿದರು. ಕವಳೆಯ ಕೊಂಬೆಯನ್ನು ಕತ್ತಿಯಿಂದ ಮೇಲೆತ್ತಿ ಹಿಡಿದರು. ಅದರ ಬುಡಕ್ಕೆ ಒರಗಿಕೊಂಡು ಇನ್ನೊಂದು ಗಿಡವಿತ್ತು. ನನ್ನ ಸೊಂಟದವರೆಗೆ ಬರುವಂಥದ್ದು, ಕವಳೆಯ ಸಂದುಗಳಲ್ಲಿ ತೂರಿ ಹೊರಗೆ ಬಂದಿತ್ತು. ಎಲೆ ಉದ್ದ, ತೆಳು. ಗೆಣ್ಣಿಗೆ ಎರಡಲ್ಲ, ಮೂರು ಮೂರು ಎಲೆ ಸುತ್ತಲೂ. ಮುಳ್ಳು ಒಂದೂ ಇಲ್ಲ. ತುದಿಯ ಗೊಂಚಲಲ್ಲಿ ಬಟಾಣಿಯಷ್ಟು ಹಣ್ಣು, ಮಾಗಿ ಕಪ್ಪಾದವು. ಆ ಗೊಂಚಲಿನಲ್ಲೂ ಕೆಲವು ತೊಟ್ಟು ಬರಿದಾಗಿದ್ದವು. ಅತ್ತೆ ಒಂದು ಎಲೆ ಮುರಿದರು. ಹಾಲು ಬಂತು.

ಶಿವನೇ! ನಾನು ಅಲ್ಲೇ ಕೂತುಬಿಟ್ಟೆ.

ಅತ್ತೆಗೂ ಮೊದಲು ಖಾತ್ರಿಯಾಗಲಿಲ್ಲ. ಹಣ್ಣು ನೋಡಿ ಅವರಿಗೆ ತಿಳಿಯದು, ಬೇರು ಗೊತ್ತು. ಕತ್ತಿಯ ತುದಿಯಿಂದ ಬುಡ ಬಗೆದು ಒಂದು ಗಿಡವನ್ನು ಎಳೆದರು. ಬೇರು ಬಳುಕಿಕೊಂಡು ಬಂತು. ತೊಗಟೆ ಕೆರೆದು ಮೂಸಿ, ಉಗುರಿನಷ್ಟು ನಾಲಿಗೆಗೆ ತಾಗಿಸಿ, ತಕ್ಷಣ ಉಗುಳಿದರು. "ಸರ್ಪಗಂಧಿ," ಎಂದರು. "ನಮ್ಮಪ್ಪ ಇದ್ರ ಬೇರ ಕೊಟ್ಟಿಗೆ ಬಾಗ್ಲಿಗೆ ಕಟ್ತಿದ್ದ, ಹಾವು ಬರಲ್ಲ ಅಂತ. ಹುಚ್ಚು ಹಿಡಿದೋರಿಗೆ ಅರೆದು ಕೊಡ್ತಿದ್ರು, ದನ ಬಿದ್ದಂಗೆ ಮಲಗ್ಬುಡೋರು. ನಮ್ಮವ್ವ..." ಅಲ್ಲಿಗೆ ನಿಲ್ಲಿಸಿದರು.

"ನಿಮ್ಮವ್ವ ಏನಂತಿದ್ರು? ಹೇಳಿ."

"ಏನಿಲ್ಲ, ಸುಮ್ಕಿರು."

"ಹೇಳಿ ಅಂದ್ರೆ!"

"ಬಸ್ರೇರು ಅದರ ತಾವಕ್ಕೂ ಹೋಗ್ಬಾರ್ದು ಅಂತಿದ್ಳು."

ಆಗ ಎಸ್ಟೇಟಿನ ಒಳಗೆ ಬೈನೆ ಮರ ಸೀಳಿದ ಸದ್ದಾಯಿತು. ಬೈನೆ ಎಂದರೆ ಆನೆಗೆ ಹಬ್ಬದೂಟ. ಅದು ಎಷ್ಟು ಹತ್ತಿರವಿತ್ತೆಂದರೆ ಸಿಪ್ಪೆ ಜಗಿಯುವುದೂ ಕೇಳುತ್ತಿತ್ತು. ಕಾಫಿ ಗಿಡಗಳ ಮೇಲೆ ಮಂಜಿನಲ್ಲಿ ಒಂದು ಬೆನ್ನು ಕಂಡಿತು, ಆಮೇಲೆ ಅದರ ಪಕ್ಕ ಇನ್ನೊಂದು. ಅತ್ತೆ ನನ್ನನ್ನು ಹಿಂದಕ್ಕೆ ತಳ್ಳಿ ಪೊದೆಯ ಬುಡದಲ್ಲಿ ಕೂರಿಸಿ, ತಾವು ನನ್ನ ಮುಂದೆ ಕೂತರು. ಕವಳೆಯ ಮುಳ್ಳು ನನ್ನ ಭುಜಕ್ಕೆ ನಾಟಿತು, ಅಲುಗಾಡಲಿಲ್ಲ. ಓಡುವ ಹಾಗಿಲ್ಲ, ಕೂಗುವ ಹಾಗಿಲ್ಲ. ಹೊರಗೆ ಆನೆ, ಒಳಗೆ ವಿಷ. ಎರಡರಲ್ಲಿ ಯಾವುದಕ್ಕೆ ಹೆದರುವುದೆಂದು ತಿಳಿಯದೆ ಕಣ್ಣು ಮುಚ್ಚಿಕೊಂಡು ಓಂ ನಮಃ ಶಿವಾಯ ಎಂದುಕೊಂಡೆ. ಅದೂ ಅರ್ಧಕ್ಕೇ ಮರೆತುಹೋಗುತ್ತಿತ್ತು.

ಕಣ್ಣು ಬಿಟ್ಟಾಗ ಅತ್ತೆಯ ಬೆನ್ನು ಕಂಡಿತು. ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದರು. ಉಸಿರು ಕೇಳಬಾರದೆಂದು ಹಾಗೆ ಮಾಡಿದ್ದಾರೆ ಎಂದುಕೊಂಡೆ. ಬೆನ್ನುಗಳು ನಿಧಾನವಾಗಿ ಇಳಿಜಾರಿನ ಆಚೆಗೆ ಹೋದವು. ಅತ್ತೆ ಎರಡೂ ಗಿಡದ ಕೊಂಬೆ ಕತ್ತರಿಸಿಕೊಂಡು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಮನೆಗೆ ಬಂದು ಕೊಂಬೆಗಳನ್ನು ಚೀಲಕ್ಕೆ ತುರುಕಿಕೊಂಡು ಬಸ್ಸಿಗೆ ಹೊರಟೆವು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂತೆಗೆ ಹೋಗುವವರು, ಕಾಲೇಜಿನವರು, ಮೆಣಸಿನ ಮೂಟೆಗಳು. ಕಂಬಿ ಹಿಡಿದು ನಿಂತೆ. ತಿರುವಿನಲ್ಲಿ ಯಾರದ್ದೋ ಚೀಲ ನನ್ನ ಹೊಟ್ಟೆಗೆ ತಾಗಿತು. ಆಗ ಅತ್ತೆಯ ದನಿ ಬಸ್ಸಿಗೆಲ್ಲ ಕೇಳಿಸಿತು.

"ಬಸ್ರಿ ಹೆಂಗ್ಸು ನಿಂತವ್ಳೆ, ಕಣ್ಣು ಕಾಣಲ್ವೇನ್ರೋ! ಎದ್ದೇಳಿ ಮಾರಾಯ, ನನ್ ಸೊಸೆ ಬಸ್ರಿ ಕಣ್ರೀ!"

ಬಸ್ಸೆಲ್ಲ ತಿರುಗಿ ನೋಡಿತು. ನಮ್ಮೂರಿನವರೂ ಇದ್ದರು. ಒಬ್ಬರು ಎದ್ದು ಜಾಗ ಬಿಟ್ಟರು, ಒಬ್ಬಾಕೆ "ಎಷ್ಟು ತಿಂಗ್ಳಮ್ಮ?" ಎಂದು ನಗುತ್ತಾ ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ದೇವರ ಮುಂದೆ ಹಾಕಿದ ಆಣೆಯನ್ನು ಹಾಕಿಸಿದವರೇ ಮುರಿದಿದ್ದರು. ಇಷ್ಟೊಂದು ಕಣ್ಣುಗಳು ನನ್ನ ಹೊಟ್ಟೆಯ ಮೇಲೆ! ನಂಬುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದವಳು ಸ್ವೆಟರನ್ನು ಎಳೆದು ಎಳೆದು ಮುಚ್ಚಿಕೊಂಡೆ. ಅತ್ತೆ ಮುರಿದರೆಂದರೆ, ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎಂದು ಅವರಿಗೆ ಅನಿಸಿರಬೇಕು. ಆ ಯೋಚನೆ ಬಂದ ಮೇಲೆ ಆಲೂರಿನವರೆಗೂ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅತ್ತೆ ಚೀಲದಿಂದ ಎರಡು ಕೊಂಬೆ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಗಿಡ ಗೊತ್ತಾಗಲ್ಲಮ್ಮ," ಎಂದು ಡಾಕ್ಟರ್ ನೇರವಾಗಿಯೇ ಹೇಳಿದರು. ಅತ್ತೆ ಹೆಸರು ಹೇಳಿದ ಮೇಲೆ ಅವರ ಮುಖ ಗಂಭೀರವಾಯಿತು. ಫೋನಿನಲ್ಲಿ ಯಾರಿಗೋ ಎಲೆಯ ಫೋಟೋ ಕಳಿಸಿದರು, ಹೊರಗೆ ಹೋಗಿ ಮಾತಾಡಿ ಬಂದರು. "ಸರ್ಪಗಂಧಿನೇ ಇರಬೇಕು ಅಂತಾರೆ. ಇದು ಬಿಪಿ ಇಳಿಸುತ್ತೆ, ಮಂಪರು ಬರುತ್ತೆ. ಎಷ್ಟು ತಿಂದಿದ್ದೀರ ಅದರ ಮೇಲಿದೆ. ಯಾವುದು ಎಷ್ಟು ತಿಂದಿರಿ?"

ಅದು ಗೊತ್ತಿದ್ದರೆ ನಾನೇಕೆ ಆನೆಯ ಬಾಯಿಗೆ ಹೋಗಿ ಬರುತ್ತಿದ್ದೆ? "ಗೊತ್ತಿಲ್ಲ," ಎಂದೆ. ಹುಳಿ ಎಷ್ಟಿತ್ತು, ಕಹಿ ಎಷ್ಟಿತ್ತು ಎಂದು ಕೇಳಿದರು. ನಾಲಿಗೆಯ ಮೇಲೆ ಎಲ್ಲವನ್ನೂ ನೆನಪು ಮಾಡಿಕೊಳ್ಳಲು ನೋಡಿದೆ. ನೆನೆದಷ್ಟೂ ಕಹಿಯೇ ಹೆಚ್ಚಾಗುತ್ತಾ ಬಂತು. ಬಿಪಿ ನೋಡಿದರು, ಇಳಿದಿರಲಿಲ್ಲ, ಹೆದರಿಕೆಗೆ ಏರಿತ್ತು. ಸಂಜೆಯವರೆಗೆ ಇಲ್ಲೇ ಇರಬೇಕು, ಆಗಾಗ ನೋಡುತ್ತೇವೆ, ಮಗುವಿನ ಎದೆಬಡಿತ ಕೇಳುವ ಮಷಿನ್ ಹೆರಿಗೆ ವಾರ್ಡಿನಲ್ಲಿದೆ, ಅಲ್ಲಿ ಖಾಲಿಯಾದ ಮೇಲೆ ಕರೆಯುತ್ತೇವೆ ಎಂದರು.

ಹೊರಗಿನ ಬೆಂಚಿನಲ್ಲಿ ಕೂತೆವು. ಕೈಯಲ್ಲಿ ಗೀರು ಹುಡುಕುತ್ತಾ ಕೂತೆ ನಾನು. ಮಣಿಕಟ್ಟಿನ ಹತ್ತಿರ ಒಂದು ಸಿಕ್ಕಿತು. ಎದೆ ಹಾರಿತು. ನೋಡಿದರೆ ಅದು ಹಸಿ ಗೀರು, ಆನೆಗೆ ಹೆದರಿ ಪೊದೆಯಲ್ಲಿ ಕೂತಾಗ ಆದದ್ದು. ಬೆಳಗಿನದಲ್ಲ. ಒಂದು ಹಳೆಯ ಗೀರಿಗಾಗಿ ಆ ಹೊತ್ತು ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಅತ್ತೆ ನಡುನಡುವೆ ಒಂದೊಂದು ಪ್ರಶ್ನೆ ಕೇಳುತ್ತಿದ್ದರು. "ಕಣ್ಣು ಎಳೀತೈತಾ?" ಇಲ್ಲ. "ತಲೆ ತಿರುಗ್ತೈತಾ?" ಇಲ್ಲ. "ಮೂಗು ಕಟ್ದಂಗೆ ಆಯ್ತೈತಾ?" ಇಲ್ಲ ಅತ್ತೆ, ಇಲ್ಲ. ಇದ್ಯಾಕೆ ಹೀಗೆ ಗುರುತು ಹೇಳಿ ಹೇಳಿ ಹೆದರಿಸುತ್ತಾರೆ ಎಂದು ಸಿಟ್ಟು ಬಂತು. "ಸುಮ್ನಿರ್ತೀರಾ ಒಂದ್ ಗಳಿಗೆ?" ಎಂದು ಸಿಡುಕಿದೆ. ಸುಮ್ಮನಾದರು. ಎಂದೂ ಒಂದೇ ಮಾತಿಗೆ ಸುಮ್ಮನಾಗದವರು ಸುಮ್ಮನಾದರು ಎಂದಾಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಊಟದ ಹೊತ್ತು ಕಳೆದ ಮೇಲೆ ಅತ್ತೆಯ ತಲೆ ನನ್ನ ಭುಜಕ್ಕೆ ವಾಲಿತು. ನಿದ್ದೆ ಎಂದುಕೊಂಡೆ. ಆಮೇಲೆ ಪೂರ್ತಿ ಭಾರ ಬಿತ್ತು. ಮುಖ ಮುಟ್ಟಿದರೆ ತಣ್ಣಗೆ ಬೆವರು. "ಅತ್ತೆ! ಅತ್ತೆ!" ಎಂದು ನಾನು ಕೂಗಿದ ಕೂಗಿಗೆ ನರ್ಸ್ ಓಡಿ ಬಂದರು. ಒಳಗೆ ಮಲಗಿಸಿ ಬಿಪಿ ನೋಡಿದರೆ ತೀರಾ ಇಳಿದುಹೋಗಿತ್ತು, ನಾಡಿಯೂ ನಿಧಾನ. "ಇವರು ಬೆಳಿಗ್ಗೆಯಿಂದ ಏನು ತಿಂದಿದ್ದಾರೆ?" ಎಂದರು ಡಾಕ್ಟರ್.

"ಏನೂ ಇಲ್ಲ, ಒಂದ್ ಲೋಟ ಕಾಫಿ..." ಎಂದವಳಿಗೆ ಮಾತು ನಿಂತುಹೋಯಿತು. ಪೊದೆಯ ಬುಡದಲ್ಲಿ ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದ ಆ ಬೆನ್ನು ಕಣ್ಣಿಗೆ ಬಂತು. ಆಗ ಅವರು ಉಸಿರು ಮುಚ್ಚಿಕೊಳ್ಳುತ್ತಿರಲಿಲ್ಲ, ಸರ್ಪಗಂಧಿಯ ಹಣ್ಣು ನುಂಗುತ್ತಿದ್ದರು. ನನ್ನ ಬಾಯಿಂದ ಹೇಗೋ ಅದಷ್ಟು ಹೊರಬಂತು. ಡಾಕ್ಟರ್ ಡ್ರಿಪ್ ಹಾಕಿಸಲು ಓಡಿದರು.

ಅದೇ ಹೊತ್ತಿಗೆ ಹೆರಿಗೆ ವಾರ್ಡಿನಿಂದ ನನ್ನ ಹೆಸರು ಕರೆದರು. ಹೋಗಲೋ ಬೇಡವೋ ತಿಳಿಯಲಿಲ್ಲ. ನರ್ಸೇ ತೋಳು ಹಿಡಿದು ಕರೆದುಕೊಂಡು ಹೋದರು. ಮಲಗಿಸಿ, ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ, ಸಣ್ಣ ಮಷಿನ್ ಒತ್ತಿದರು. ಗರಗರ. ಇನ್ನೊಂದು ಕಡೆ ಒತ್ತಿದರು. ಗರಗರ. ಮತ್ತೆ ಸರಿಸಿದರು. ಆ ನರ್ಸಿನ ಮುಖವನ್ನೇ ನೋಡುತ್ತಿದ್ದೆ. ಹಿಂದಿನ ಸಲ ಇಂಥದ್ದೇ ಮುಖವೊಂದು ಪಕ್ಕಕ್ಕೆ ತಿರುಗಿದ್ದನ್ನು ಕಂಡವಳು ನಾನು. ಈ ಮುಖವೂ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಕಾಯುತ್ತಿದ್ದಾಗ ಸದ್ದು ಬಂತು. ಟಕಟಕಟಕ ಎಂದು ಅವಸರದ ಸದ್ದು. ಕಾಫಿ ಕೊಯ್ಲಿನ ಹೊತ್ತಿಗೆ ಹುಟ್ಟಿದ ಮಗಳ ಮೊದಲ ಅಳುವಿಗಿಂತ ಆ ಸದ್ದೇ ನನಗೆ ಇವತ್ತಿಗೂ ಜೋರಾಗಿ ಕೇಳುತ್ತದೆ.

ವಾಪಸ್ಸು ಓಡಿ ಬಂದಾಗ ಅತ್ತೆ ಕಣ್ಣು ಬಿಟ್ಟಿದ್ದರು. ಮಂಚದ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಪಾದದ ಕಡೆಯ ತುದಿ ಎತ್ತರಿಸಿದ್ದರು, ಕೈಗೆ ಡ್ರಿಪ್ ಚುಚ್ಚಿದ್ದರು. ಜೀವಕ್ಕೆ ಅಪಾಯವಿಲ್ಲ, ಆದರೆ ರಾತ್ರಿ ಇಲ್ಲೇ ಇರಲಿ ಎಂದು ಡಾಕ್ಟರ್ ಹೇಳಿ ಹೋಗಿದ್ದರಂತೆ. ನನ್ನನ್ನು ಕಂಡು ಅತ್ತೆ ಏಳಲು ನೋಡಿದರು, ಆಗಲಿಲ್ಲ.

"ಐತಾ?" ಎಂದರು.

"ಐತೆ."

ಕಣ್ಣು ಮುಚ್ಚಿಕೊಂಡರು. ಅಲ್ಲಿಯವರೆಗೆ ತಡೆದುಕೊಂಡಿದ್ದ ನನ್ನ ಭಯವೆಲ್ಲ ಒಂದೇ ಸಲ ಕೋಪವಾಗಿ ಬಂತು. ವಾರ್ಡಿನಲ್ಲಿ ಜನರಿದ್ದಾರೆ ಎನ್ನುವುದೂ ನೆನಪಾಗಲಿಲ್ಲ. "ನಿಮಗೆ ಹುಚ್ಚಾ? ಗೊತ್ತಿದ್ದೂ ಗೊತ್ತಿದ್ದೂ ಯಾರಾದ್ರೂ ತಿಂತಾರಾ? ನೀವು ಸತ್ತಿದ್ರೆ? ನಾನೊಬ್ಳು ಹೆದರಿ ಸಾಯ್ತಿದ್ದೆ ಸಾಲ್ದು ಅಂತ ನೀವೂ ಬೇರೆ! ಯಾತಕ್ಕೆ ತಿಂದ್ರಿ ಅದನ್ನ?"

ಅತ್ತೆಗೆ ದನಿ ಎತ್ತಲು ಶಕ್ತಿ ಇರಲಿಲ್ಲ. ಬಗ್ಗಿ ಕಿವಿ ಕೊಡಬೇಕಾಯಿತು.

"ನಿನ್ ಹೊಟ್ಟೇಲಿರಾದಕ್ಕೆ ಬಾಯಿಲ್ಲ ಕಣಮ್ಮಿ. ಒಳ್ಗೆ ಏನಾಯ್ತೈತೆ ಅಂತ ಅದು ಯಾರಿಗ್ ಹೇಳಾದು? ನಂಗಾದ್ರೆ ಬಾಯೈತೆ. ನಂಗೆ ಏನಾಯ್ತದೆ ಅಂತ ನಾನ್ ಡಾಕ್ಟ್ರಿಗೆ ಹೇಳಿದ್ರೆ, ಅದಕ್ಕೆ ಏನ್ ಮಾಡ್ಬೇಕು ಅಂತ ಅವ್ರಿಗೆ ತಿಳೀತದಲ್ಲ. ಹೇಳಾಣ ಅಂತಾನೇ ಕೂತಿದ್ದೆ. ಅಷ್ಟ್ರಲ್ಲಿ ನಿದ್ದೆ ಬಂದ್ಬುಡ್ತು."